ಅತ್ತೆ ಒಪ್ಪಿಕೊಂಡ ಗೆರೆ

"ಇನ್ನು ಮುಂದೆ ಈ ಮನೇಲಿ ಯಾರ ಮನಸ್ಸೂ ನನ್ನಿಂದ ತಪ್ಪಿಸಿಕೊಳ್ಳೋ ಹಾಗಿಲ್ಲ!"

ಭಾನುವಾರ ಬೆಳಿಗ್ಗೆ ಸೊಸೆ ಹೀಗೆಂದು ಘೋಷಿಸಿದಳು. ಅಂಚೆಯಲ್ಲಿ ಬಂದ ಮನಶ್ಶಾಸ್ತ್ರದ ಪಾಠಗಳು ಒಟ್ಟು ಇಪ್ಪತ್ತೆರಡು. ಅವಳು ಓದಿದ್ದು ಮೂರು. ಮೂರಕ್ಕೇ ಲೋಕವೆಲ್ಲ ಅವಳಿಗೆ ಗಾಜಿನ ಭರಣಿಯ ಹಾಗೆ ಕಾಣತೊಡಗಿತ್ತು.

ಮೊದಲ ಪಾಠದ ಪ್ರಕಾರ ಪ್ರತಿ ಮನುಷ್ಯನೊಳಗೂ ಮೂವರು ಸಂಸಾರ ಹೂಡಿರುತ್ತಾರೆ. 'ಬೇಕು, ಈಗಲೇ ಬೇಕು' ಎನ್ನುವ ಇದ್. 'ಛೀ, ತಪ್ಪು' ಎಂದು ಬೆತ್ತ ಹಿಡಿದು ನಿಂತ ಪರಾಹಂ. ಇಬ್ಬರ ನಡುವೆ ಸಿಕ್ಕಿ ರಾಜಿ ಮಾಡಿಸುವ ಅಹಂ. ಸೊಸೆ ಈ ಪದವಿಗಳನ್ನು ಮನೆಯವರಿಗೇ ಹಂಚಿಬಿಟ್ಟಳು. ಬಸ್ ಓಡಿಸುವ ಗಂಡ, ಊಟಕ್ಕೆ ಕರೆಯುವ ಮುಂಚೆಯೇ ಪಾತ್ರೆಯ ಮುಚ್ಚಳ ಎತ್ತಿ ನೋಡುವವನು, ಇದ್. ಬಟ್ಟೆ ಹೊಲಿಯುವ ಅತ್ತೆ, ಕಾಲು ಇಂಚು ತಪ್ಪಿದರೂ ಇಡೀ ತೋಳು ಬಿಚ್ಚಿ ಮತ್ತೆ ಹೊಲಿಯುವವರು, ಪರಾಹಂ.

"ಮತ್ತೆ ನೀನು?" ಎಂದ ಗಂಡ.

"ನಾನು ಅಹಂ!"

"ಅದು ಮದುವೆಯಾದ ವಾರಕ್ಕೇ ಗೊತ್ತಾಯ್ತು ಬಿಡು."

"ಇದಕ್ಕೆ ಪ್ರತಿರೋಧ ಅಂತಾರೆ," ಎಂದು ಸೊಸೆ ಗಂಭೀರವಾಗಿ ಬರೆದುಕೊಂಡಳು.

ಮೂರನೆಯ ಪಾಠದಲ್ಲಿ ಒಂದು ಪ್ರಯೋಗವಿತ್ತು. ಸುತ್ತಲಿನವರೆಲ್ಲ ಒಂದೇ ತಪ್ಪನ್ನು ಹೇಳಿದರೆ, ಮನುಷ್ಯ ತನ್ನ ಕಣ್ಣನ್ನೂ ಬಿಟ್ಟು ಗುಂಪಿನ ಮಾತನ್ನು ಒಪ್ಪುತ್ತಾನೆಯೇ? ಪರೀಕ್ಷಿಸಿ ಬರೆದು ಕಳಿಸಬೇಕು. ಸೊಸೆ ರಟ್ಟಿನ ಎಡಕ್ಕೆ ಒಂದು ಗೆರೆ, ಬಲಕ್ಕೆ ಮೂರು ಗೆರೆ ಎಳೆದಳು. ಬಲಗಡೆಯ ಮೊದಲನೆಯದು ಎಡಗಡೆಯದಕ್ಕೆ ಸರಿಸಮ. ಎರಡನೆಯದು ಒಂದು ಹೆಬ್ಬೆಟ್ಟಿನಷ್ಟು ಗಿಡ್ಡ. ಗಂಡ, ನಾದಿನಿ, ಪಕ್ಕದ ಮನೆಯ ಟೈಪಿಸ್ಟ್, ಮೂವರಿಗೂ ಮೊದಲೇ ಹೇಳಿಕೊಟ್ಟಾಗಿತ್ತು: "ಸಮ ಯಾವುದು ಅಂತ ಕೇಳಿದರೆ ಎಲ್ಲರೂ ಎರಡನೇದು ಅನ್ನಬೇಕು." ಗೊತ್ತಿಲ್ಲದವರು ಅತ್ತೆ ಒಬ್ಬರೇ. ಟೇಪು ಮುಟ್ಟದೆ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುವ ಅತ್ತೆಯೇ ಬಾಗಿದರೆ ಪಾಠದ ಮೇಷ್ಟ್ರು ಕುರ್ಚಿಯಿಂದ ಬೀಳಬೇಕು!

"ಎರಡನೇದು," ಎಂದಳು ಟೈಪಿಸ್ಟ್.

"ಎರಡನೇದೇ," ಎಂದಳು ನಾದಿನಿ.

"ಎರಡನೇದು ಕಣಮ್ಮ, ಡೌಟೇ ಇಲ್ಲ," ಎಂದ ಗಂಡ, ನಗು ನುಂಗಿಕೊಂಡು.

ಅತ್ತೆ ರಟ್ಟನ್ನು ನೋಡಿದರು. ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಮಗನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ಎರಡನೇದೇ ಇರ್ಬೇಕು ಬಿಡಿ," ಎಂದು ಮೆಲ್ಲಗೆ ಹೇಳಿ ಹೊಲಿಗೆ ಯಂತ್ರದ ಮುಂದೆ ಹೋಗಿ ಕುಳಿತರು.

ಸೊಸೆ 'ಬಾಗಿದರು' ಎಂದು ಬರೆದು ಎರಡು ಅಡಿಗೆರೆ ಎಳೆದಳು. ಪ್ರಯೋಗ ಮುಗಿದ ಕೂಡಲೇ ನಿಜ ತಿಳಿಸಬೇಕು ಎಂದು ಪಾಠದಲ್ಲಿತ್ತು. ಬರುವ ಭಾನುವಾರ ಇನ್ನೊಮ್ಮೆ ಮಾಡೋಣ ಎಂಬ ಆಸೆಗೆ ಆ ಸಾಲನ್ನು ಹಾರಿಸಿಬಿಟ್ಟಳು. ಎಡವಟ್ಟಾದದ್ದು ಅಲ್ಲೇ!

ಬುಧವಾರ ಡಿಪೋದಿಂದ ಗಂಡನ ಫೋನು.

"ಬಸ್ಸಿನ ಕೀ ಕಿತ್ಕೊಂಡ್ರು ಕಣೇ! ನನ್ನ ಕಣ್ಣು ಸರಿಯಿಲ್ಲ ಅಂತ ಯಾರೋ ದೂರು ಕೊಟ್ಟಿದಾರಂತೆ. ಮ್ಯಾನೇಜರು ಬರೆದುಬಿಟ್ರೆ ಮುಗೀತು, ಉಳಿದ ಸರ್ವೀಸೆಲ್ಲ ಗೋದಾಮಲ್ಲಿ ಟೈರಿನ ಮಧ್ಯೆ. ಓಡಿ ಬಾ!"

ಹದಿನೇಳು ವರ್ಷ ಸ್ಟೀರಿಂಗ್ ಹಿಡಿದವನು ಅಷ್ಟೇ ಹೇಳಿ ಫೋನಿಟ್ಟ. ಸೊಸೆ ಒಲೆ ಆರಿಸಿ ಓಡಿದಳು.

ಮ್ಯಾನೇಜರ ಎದುರಿನ ಕುರ್ಚಿಯಲ್ಲಿ, ಹೊಲಿಗೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಕುಳಿತಿದ್ದರು!

"ಹೆಬ್ಬೆಟ್ಟಿನಷ್ಟು ಗಿಡ್ಡ ಗೆರೆ ಸಾರ್. ಅದನ್ನ ಸಮ ಅಂದ. ಬಸ್ಸಲ್ಲಿ ಅರವತ್ತು ಜನ ಕೂತಿರ್ತಾರೆ. ಡಾಕ್ಟ್ರಿಗೆ ಕಣ್ಣು ತೋರಿಸಿ, ಆಮೇಲೆ ಬಸ್ ಕೊಡಿ. ನಾನು ಕೇಳೋದು ಅಷ್ಟೇ."

ಗೋಡೆಯ ಬದಿಗೆ ಗಂಡ, ಅವನ ಬಸ್ಸಿನ ಕಂಡಕ್ಟರ್, ಮೆಕ್ಯಾನಿಕ್, ಗೇಟಿನ ಕಾವಲುಗಾರ ಸಾಲಾಗಿ ನಿಂತಿದ್ದರು. ಸೊಸೆ ನಿಜ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರು ಕೈ ಎತ್ತಿದರು. "ಒಬ್ಬೊಬ್ಬರಾಗಿ ಹೇಳಿ."

"ಹೋದ ವಾರ ಸ್ಟಾಪು ಬಿಟ್ಟು ಒಂದು ಮಾರು ಮುಂದೆ ನಿಲ್ಲಿಸಿದ ಸಾರ್," ಎಂದ ಕಂಡಕ್ಟರ್. "ನಂಗೆ ಆಗಲೇ ಅನುಮಾನ."

"ನಿನ್ನೆ ಎದುರಿಗೇ ನಿಂತು ಕೈ ಬೀಸಿದೆ. ಕಾಣಲೇ ಇಲ್ಲ," ಎಂದ ಮೆಕ್ಯಾನಿಕ್.

"ಗೇಟು ದಾಟುವಾಗ ಕಣ್ಣು ಕಿರಿದು ಮಾಡ್ತಾನೆ," ಎಂದ ಕಾವಲುಗಾರ.

"ಬಿಸಿಲು ಕಣಯ್ಯಾ! ಆ ಗೆರೆ ಬರೀ ಆಟಕ್ಕೆ ಅಂದದ್ದು!" ಎಂದು ಗಂಡ ಕೂಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ನಂಗೂ ಹಾಗೇ ಅನ್ನಿಸಿತ್ತು," ಎಂದು ತಲೆದೂಗಿದ ಮ್ಯಾನೇಜರು ಸೊಸೆಯ ಕಡೆ ತಿರುಗಿದರು. "ನೀವು ಹೇಳಿಯಮ್ಮ. ಮನೇಲಿ ಹೇಗೆ?"

ನಾಲ್ಕು ಜೊತೆ ಕಣ್ಣುಗಳು ಅವಳ ಮೇಲೆ ನೆಟ್ಟವು. ನಿಜ ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬಿದ್ದದ್ದು ಮಾತ್ರ ಬೇರೆ: "ಹೂಂ ಸಾರ್... ಮನೇಲೂ ಕಣ್ಣೆದುರಿಗಿರೋ ಉಪ್ಪಿನ ಡಬ್ಬಿ ಕಾಣಲ್ಲ ಇವರಿಗೆ."

"ಏನೇ!" ಎಂದ ಗಂಡ.

ಆಗ ಅತ್ತೆ ಎದ್ದು ನಿಂತರು.

"ಸುಳ್ಳು! ನಾನು ನೋಡಿದ್ದು ಒಂದು ಗೆರೆ, ಅದನ್ನ ಹೇಳಿದೆ. ನೀವೆಲ್ಲ ಹೇಳ್ತಿರೋದು ಕತೆ. ಹದಿನೇಳು ವರ್ಷ ಕಾಣದ್ದು ಇವತ್ತೇ ಎಲ್ಲರಿಗೂ ಕಂಡುಬಿಡ್ತಾ?" ಎನ್ನುತ್ತ ಚೀಲದಿಂದ ಎಲ್ಲಕ್ಕಿಂತ ಸಣ್ಣ ಸೂಜಿ ತೆಗೆದರು. "ದಿನಾ ಬೆಳಿಗ್ಗೆ ನನ್ನ ಸೂಜಿಗೆ ದಾರ ಪೋಣಿಸಿಟ್ಟೇ ಡ್ಯೂಟಿಗೆ ಹೋಗೋನು ಇವನು. ಭಾನುವಾರದಿಂದ ನಾನೇ ಕೇಳಿಲ್ಲ. ಆಗದೆ ಹೋದ್ರೆ ನೊಂದ್ಕೋತಾನೆ ಅಂತ. ತಗೋ ಮಗಾ. ಆಗದಿದ್ರೂ ಹೆದರಬೇಡ, ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

ಮಗ ದಾರದ ತುದಿ ಹೊಸೆದ. ಒಂದೇ ಸಲಕ್ಕೆ ದಾರ ಸೂಜಿ ದಾಟಿತು!

ಅತ್ತೆಯ ಕಣ್ಣು ತುಂಬಿ ಬಂತು. "ಇಲ್ಲಿ ಕೊಡಿ," ಎಂದು ಮ್ಯಾನೇಜರು ತಾವೂ ನಾಲ್ಕು ಸಲ ಯತ್ನಿಸಿ, ಸೂಜಿಯನ್ನು ಮೇಜಿನ ಮೇಲಿಟ್ಟು ಕೆಮ್ಮಿದರು.

"ಆ ಸ್ಟಾಪಿನ ಹತ್ರ ಹೊಂಡ ಇತ್ತು ಸಾರ್," ಎಂದ ಕಂಡಕ್ಟರ್. "ಈಗ ನೆನಪಾಯ್ತು."

ಗುಂಪಿನಲ್ಲಿ ಒಬ್ಬರು ಎದ್ದು ನಿಜ ಹೇಳಿದರೂ ಸಾಕು, ಮಿಕ್ಕವರ ನಾಲಿಗೆಯೂ ಬಿಚ್ಚಿಕೊಳ್ಳುತ್ತದೆ ಎಂದು ಪಾಠದಲ್ಲೇ ಇತ್ತು. ಸೊಸೆಯ ನಾಲಿಗೆಯೂ ಬಿಚ್ಚಿತು. ರಟ್ಟು, ಗೆರೆ, ಹೇಳಿಕೊಟ್ಟದ್ದು, ಮುಚ್ಚಿಟ್ಟದ್ದು, ಎಲ್ಲವನ್ನೂ ಅಳುತ್ತಳುತ್ತ ಒಪ್ಪಿಸಿದಳು.

"ಇನ್ನೂ ಎಷ್ಟು ಪಾಠ ಬಾಕಿ ಇದೆಯಮ್ಮ?" ಎಂದು ಕೇಳಿದರು ಮ್ಯಾನೇಜರು.

"ಹತ್ತೊಂಬತ್ತು ಸಾರ್."

"ಅಷ್ಟರೊಳಗೆ ನಾನು ರಿಟೈರ್ ಆಗಿಬಿಡ್ತೀನಿ!"

ಮರುದಿನ ಕಣ್ಣಿನ ಡಾಕ್ಟರ ಚೀಟಿ ಬಂತು: ದೋಷವಿಲ್ಲ. ಗಂಡ ಮತ್ತೆ ಸೀಟು ಹತ್ತಿದ. ಮೊದಲ ಟ್ರಿಪ್ಪಿಗೆ ಅತ್ತೆ ಸೊಸೆ ಇಬ್ಬರೂ ಅವನ ಬೆನ್ನ ಹಿಂದೆಯೇ ಕುಳಿತರು. ಬಸ್ಸು ತುಂಬಿತ್ತು.

"ಅತ್ತೇ, ಅಷ್ಟು ಜನ ಗಂಡಸರ ಎದುರು ಎದ್ದು ನಿಂತೋರು ನೀವು. ಆವತ್ತು ಯಾಕೆ ಎರಡನೇದು ಅಂದ್ಬಿಟ್ರಿ?"

"ಇನ್ನೇನು ಅನ್ನಲಿ? ಮಕ್ಕಳಿಗೆಲ್ಲ ಒಟ್ಟಿಗೇ ಕಣ್ಣು ಹೋಯ್ತಲ್ಲಾ ಅಂತ ಹೊಟ್ಟೆ ಉರೀತಿತ್ತು. ನಂಗೊಬ್ಬಳಿಗೆ ಸರಿಯಾಗಿ ಕಾಣುತ್ತೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಒಂದು ಗೆರೆ ತಾನೆ, ಹೋಗ್ಲಿ ಅಂತ ಬಿಟ್ಟೆ. ಮಗನನ್ನ ಹಾಗೆ ಬಿಡೋಕಾಗುತ್ತಾ?" ಅತ್ತೆ ಸೊಸೆಯ ಕೈಯನ್ನು ತಮ್ಮ ಕೈಯೊಳಗೆ ಎಳೆದುಕೊಂಡರು. "ಅದಿರ್ಲಿ. ನಂಗಂತೂ ಅವನು ಮಗ. ನಿಂಗೂ ಏನೋ ಆಗಬೇಕಲ್ಲೇ ಅವನು?"

ಸೊಸೆ ಕಿಟಕಿಯಾಚೆ ನೋಡಿದಳು.

"ಅಮ್ಮಾ, ಗಟ್ಟಿಯಾಗಿ ಕೇಳು!" ಎಂದ ಗಂಡ ಕನ್ನಡಿಯಲ್ಲಿ ನೋಡುತ್ತ. "ಉತ್ತರ ಬರೋವರೆಗೂ ಬಸ್ಸು ಮುಂದಕ್ಕೆ ಹೋಗಲ್ಲ!"

ಬಸ್ಸು ನಿಂತೇಬಿಟ್ಟಿತು. ಕುಳಿತವರು, ನಿಂತವರು, ಎಲ್ಲರೂ ಕತ್ತು ಚಾಚಿ ಸೊಸೆಯ ಮುಖ ನೋಡಿದರು.

"ಗಂಡ!" ಎಂದಳು ಸೊಸೆ, ಕಿವಿಯವರೆಗೂ ಕೆಂಪಾಗಿ.

ಬಸ್ಸು ಹೊರಟಿತು.