ನಮ್ಮ ಮ್ಯಾನೇಜರು ಮೆತ್ತಗಾದ ವಾರ

ಹಗರಿಬೊಮ್ಮನಹಳ್ಳಿ ಕಡೆ ಒಂದು ಗಾರ್ಮೆಂಟ್ಸಿನ್ಯಾಗ ಅಂಗಿ ಹೊಲಿಯಾಕಿ ನಾನು. ಎದಿ ಧಸಕ್ ಅನ್ನದ ದಿನಾನ ನಮಗಿಲ್ಲ ಬಿಡ್ರಿ. ಆದ್ರ ಮೆದುಳಿನ ವಿಜ್ಞಾನದಿಂದ ಕೆಲಸ ತಗಿಯೋದು ಹೆಂಗಂತ ಮ್ಯಾನೇಜರಿಗೆ ಕಲಿಸಾಕ ಬೆಂಗಳೂರಿಂದ ಒಬ್ಬ ಸರ್ ಬಂದ್ರಲ್ಲ, ಆ ವಾರ ಜೀವಾನ ಬಾಯಿಗೆ ಬಂದಿತ್ತು.

ನಗು

"ನೀವು ನಕ್ಕರೆ ಎದುರಿನವರ ಮೆದುಳೂ ನಗುತ್ತೆ" ಅಂದಿದ್ರಂತ ಆ ಸರ್. ಮರುದಿನ ಮ್ಯಾನೇಜರು ಗೇಟಿನ್ಯಾಗ ಹಲ್ಲು ಕಿಸ್ಕೊಂಡು ನಿಂತಿದ್ರು. ಯವ್ವಾ! ಅವರಿಗೆ ಹಲ್ಲು ಅದಾವಂತನ ನಮಗ ಗೊತ್ತಿರಲಿಲ್ಲ. ತಂಬ್ರಹಳ್ಳಿ ಬಸ್ ಇಳಿದ ಹೆಣ್ಮಕ್ಕಳು ನಿಂತಲ್ಲೇ ನಿಂತ್ರು. ವಾಚ್‌ಮನ್ ತಾತ ಮಾತ್ರ ಓಡಿ ಬಂದು, "ಬಾಳ ನೋಯಾಕತ್ತೈತೇನ್ರಿ ಸರ? ತಗೋರಿ, ಲವಂಗ ಕಚ್ಚಿ ಹಿಡೀರಿ" ಅಂದ.

ಚಾ

ತಪ್ಪು ತೋರಿಸೋ ಮೊದಲು ಕುಂದ್ರಿಸಿ, ಚಾ ಕೊಟ್ಟು, ಮೆತ್ತಗ ಮಾತಾಡಬೇಕಂತ. ಇಲ್ಲಾಂದ್ರ ಮೆದುಳು ಹೆದರತೈತಂತ. ಇಸ್ತ್ರಿ ಮಾಡೋ ಚಿಗಟೇರಿ ಅಣ್ಣ ಒಂದು ಅಂಗಿ ಸುಟ್ಟಿದ್ದ. ಮ್ಯಾನೇಜರು ಅವನ ಹೆಗಲ ಮ್ಯಾಲೆ ಕೈ ಇಟ್ಟು, "ಕುಂದ್ರಪ್ಪ, ಚಾ ಕುಡಿ, ಗಾಬರಿ ಆಗಬ್ಯಾಡ" ಅಂದ್ರು. ನಮ್ಮ ಕಡೆ ಸಾವಿನ ಸುದ್ದಿ ಹೇಳೋದ ಹಂಗ! ಅಣ್ಣ "ಅವ್ವಾ!" ಅಂತ ಚೀರಿ ಊರಿನ ಬಸ್ ಹತ್ತೇಬಿಟ್ಟ. ಸಂಜಿಕೆ ಫೋನ್ ಬಂತು: "ಸರ, ಅವ್ವ ರೊಟ್ಟಿ ಬಡಿಯಾಕತ್ಯಾಳ. ಹಂಗಾರ ಸತ್ತೋರು ಯಾರ್ರಿ?"

"ಅಂಗಿ ಲೇ! ಅಂಗಿ ಸತ್ತೈತಿ!" ಅಂದ್ರು ಮ್ಯಾನೇಜರು.

ಪಟ್ಟಿ

ಆಮ್ಯಾಲೆ ಸೂಪರ್‌ವೈಸರ್ ಆರಿಸಬೇಕಾತು. ಹೊಲಿದೂ ಹೊಲಿದೂ ನನ್ನ ಕುತ್ತಿಗಿ ಹಿಡಕೊಂಡಿತ್ತು. ಆ ಕೆಲಸ ನನಗ ಬೇಕ ಬೇಕಿತ್ತು. ಬೆಂಗಳೂರು ಸರ್ ಮೆದುಳಿನ ಗಾಬರಿ ಅಳಿಯೋ ಒಂದು ಪಟ್ಟಿ ನನ್ನ ಹಣಿಗೆ ಕಟ್ಟಿ, ಅದರ ವೈರು ಕಂಪ್ಯೂಟರಿಗೆ ಸಿಗಿಸಿ, "ಬೈದರೂ ಈ ಪರದೆಯ ಗೆರೆ ಅಲ್ಲಾಡಬಾರದು, ಅಂಥವರೇ ಸೂಪರ್‌ವೈಸರ್" ಅಂದ್ರು.

ಮ್ಯಾನೇಜರು ಶುರು ಮಾಡಿದ್ರು. "ನಿನ್ನ ಹೊಲಿಗಿಗೆ ಬೆಂಕಿ ಹಾಕ! ಎಮ್ಮಿ ಕಾಯಾಕ ಹೋಗು!" ಗೆರಿ ಅಲ್ಲಾಡಲಿಲ್ಲ. ದಿನಾ ಕೇಳಿದ್ದ ಅಲ್ಲೇನ್ರಿ?

ಸರ್ ಕಣ್ಣು ಬಿಟ್ಕೊಂಡು ನೋಡಿದ್ರು. ಮ್ಯಾನೇಜರಿಗೂ ಖುಷಿ ಆತು. ದನಿ ಇಳಿಸಿ, "ಕುಂದ್ರವ್ವ ತಂಗಿ, ನಿನಗೊಂದು ಮಾತು ಹೇಳಬೇಕು" ಅಂದ್ರು.

ಗೆರಿ ಪರದಿ ಹರಕೊಂಡು ಹೊರಗ ಬರೋದೊಂದ ಬಾಕಿ! "ಯಾರು ಹೋದ್ರೀ ಸರ? ಲಗೂ ಹೇಳ್ರಿ!" ಅಂತ ಅತ್ತೇಬಿಟ್ಟೆ. ಪರದಿ ನೋಡಿ ಗಾಬರಿಯಾದ ಬೆಂಗಳೂರು ಸರ್, "ಅಯ್ಯೋ, ದಯವಿಟ್ಟು ಬೈದೇ ಹೇಳಿ ಸಾರ್!" ಅಂತ ಕೈ ಮುಗಿದ್ರು.

ವಾರದಿಂದ ತಡಕೊಂಡಿದ್ದೆಲ್ಲಾ ಸೇರಿಸಿ ಮ್ಯಾನೇಜರು ಗುಡುಗಿದ್ರು: "ಏಯ್! ನಾಳಿಯಿಂದ ನೀನ ಸೂಪರ್‌ವೈಸರ್! ತಡಾ ಮಾಡಿ ಬಂದ್ರ ಕಾಲು ಮುರೀತೀನಿ!"

ಗೆರಿ ತಣ್ಣಗ ಮಲಕ್ಕೊಂತು.