ಕುದುರೆ ಪ್ರದರ್ಶನದಲ್ಲಿ ನನ್ನ ಪ್ರದರ್ಶನ

ನೀವು ಕುದುರೆ ಸಾಕಿದ್ದೀರಾ? ಇಲ್ಲವೇ? ಹಾಗಾದರೆ ನೀವು ಪುಣ್ಯವಂತರು. ಬೆಳಗಾಗೆದ್ದು ನಿಮ್ಮ ಮನೆಯ ಮುಂದೆ ಯಾರೂ ನಿಂತು, “ಏನ್ರಿ ಉಚ್ಚೆಂಗಪ್ಪಾರೇ, ಇವತ್ತು ನಿಮ್ ಕುದ್ರೆ ಎಷ್ಟು ಹಾಲು ಕೊಡ್ತು?” ಎಂದು ಕೇಳುವುದಿಲ್ಲ. ನನ್ನನ್ನು ಕೇಳುತ್ತಾರೆ. ಕೆ.ಬಿ. ಬಡಾವಣೆಯ ನಮ್ಮ ಬೀದಿಯಲ್ಲಿ ಕೇಳದೆ ಉಳಿದವರು ಯಾರೂ ಇಲ್ಲ. ಅವರಿಗೆ ಈ ಪ್ರಶ್ನೆಯನ್ನು ಹೇಳಿಕೊಟ್ಟವಳು ನನ್ನ ಹೆಂಡತಿ ಕೊಟ್ರವ್ವ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಅವಳ ಸಿಟ್ಟಿಗೆ ಕಾರಣವಿತ್ತು, ಒಪ್ಪುತ್ತೇನೆ. ಎಮ್ಮೆ ಕೊಳ್ಳಬೇಕೆಂದು ಅವಳು ಕೂಡಿಟ್ಟ ದುಡ್ಡಿನಲ್ಲಿ ನಾನು ಕುದುರೆ ಕೊಂಡೆ. ಅದೂ ಅವಳು ಪಂಚಮಿಗೆಂದು ಹರಿಹರದ ತವರಿಗೆ ಹೋಗಿದ್ದಾಗ. ಆದರೆ ನನ್ನ ಕಷ್ಟವನ್ನೂ ಸ್ವಲ್ಪ ಕೇಳಿ. ನಾನು ದಾವಣಗೆರೆಯ ಹತ್ತಿ ಮಂಡಿಯೊಂದರಲ್ಲಿ ಗುಮಾಸ್ತ. ಕೂತಿದ್ದರೆ ನನ್ನನ್ನು ಯಾರೂ ನೋಡುವುದಿಲ್ಲ, ಎದ್ದು ನಿಂತರೂ ನೋಡುವುದಿಲ್ಲ (ನನ್ನ ಎತ್ತರ ಅಂಥದ್ದು). ಹೀಗಿರುವಾಗ ಕಂಟ್ರಾಕ್ಟರ್ ಬಕ್ಕೇಶಪ್ಪನವರು ಜೀಪು ಕೊಂಡು ತಮ್ಮ ಕುದುರೆಯನ್ನು ಮಾರುತ್ತಾರೆಂದು ಕೇಳಿದೆ. ಹೋಗಿ ನೋಡಿದೆ. ಕಂದು ಬಣ್ಣದ ಹೆಣ್ಣು ಕುದುರೆ, ಹೆಸರು ಚೆಲುವಿ. ಅವಳು ನನ್ನ ಕೋಟಿನ ಜೇಬಿಗೆ ಮೂತಿ ಹಾಕಿ, ಅಲ್ಲಿದ್ದ ಕಡಲೆಯನ್ನು ತಿಂದು, ನನ್ನ ಮುಖ ನೋಡಿದಳು. ನನ್ನನ್ನು ಅಷ್ಟು ಹೊತ್ತು ಯಾರೂ ನೋಡಿರಲಿಲ್ಲ! ಅಲ್ಲೇ ವ್ಯಾಪಾರ ಮುಗಿಯಿತು.

ತವರಿನಿಂದ ಬಂದ ಕೊಟ್ರವ್ವ ಕೊಟ್ಟಿಗೆಗೆ ಹೋದಳು. ಹೋದಷ್ಟೇ ಬೇಗ ಹೊರಗೆ ಬಂದಳು.

“ಏನ್ರಿ ಇದು?”

“ಕುದುರೆ.”

“ಅದು ನಂಗೂ ಕಾಣ್ತೈತೆ. ನಮ್ ಎಮ್ಮೆ ಜಾಗದಾಗೆ ಯಾಕ ನಿಂತೈತೆ?”

ಆಮೇಲೆ ನಡೆದದ್ದನ್ನು ಬರೆಯಲು ಶಾಯಿ ಸಾಲದು. ಕೊನೆಗೆ ಅವಳ ತಮ್ಮ ಗುತ್ತೆಪ್ಪ ಹರಿಹರದಿಂದ ಬಂದು ಪಂಚಾಯಿತಿ ಮಾಡಿದ. ಅವನದೊಂದು ಇಟ್ಟಿಗೆ ಭಟ್ಟಿ ಇದೆ. “ಭಾವ, ನಂಗೆ ಇಟ್ಟಿಗೆ ಹೊರಾಕೆ ಒಂದು ಕುದ್ರೆ ಬೇಕಾಗೇತಿ. ಇದನ್ನ ನಂಗೆ ಕೊಡ್ರಿ, ನಮ್ಮನೇದು ಒಂದು ಎಮ್ಮೆ ಅಕ್ಕಗೆ ಹೊಡ್ಕಂಡು ಬರ್ತೀನಿ” ಎಂದ. ಚೆಲುವಿಯ ಬೆನ್ನ ಮೇಲೆ ಇಟ್ಟಿಗೆ! ಕೊಡುವುದಿಲ್ಲ ಎಂದೆ. ಕೊಡಲೇಬೇಕು ಎಂದಳು ಕೊಟ್ರವ್ವ.

ಆ ಹೊತ್ತಿಗೆ ಸರಿಯಾಗಿ, ಹರಿಹರದ ವಸ್ತುಪ್ರದರ್ಶನದ ಜೊತೆಗೆ ಈ ಸಲ ಅಶ್ವ ಪ್ರದರ್ಶನವೂ ಇದೆಯೆಂದು ಊರೆಲ್ಲ ಟಾಂಟಾಂ ಆಯಿತು. ನಾನು ಎದೆ ತಟ್ಟಿ ಹೇಳಿದೆ: “ಅಲ್ಲಿ ಚೆಲುವಿ ಬಹುಮಾನ ಗೆಲ್ಲದಿದ್ದರೆ ಅವತ್ತೇ ಗುತ್ತೆಪ್ಪ ಹೊಡ್ಕಂಡು ಹೋಗ್ಲಿ. ಗೆದ್ದರೆ, ಇನ್ನು ಮೇಲೆ ಈ ಮನೆಯಾಗೆ ಎಮ್ಮೆ ಮಾತು ಎತ್ತಕೂಡದು.”

“ಮಾತು ಅಂದ್ರೆ ಮಾತು?” ಎಂದಳು.

“ಮಾತು ಅಂದ್ರೆ ಮಾತು!” ಎಂದೆ. ಗಂಡಸು ಹಟ ಹಿಡಿದರೆ ಹೀಗೆ ಹಿಡಿಯಬೇಕು.

ಪ್ರದರ್ಶನದ ಕರಪತ್ರ ತಂದು ಅವತ್ತು ಸಂಜೆ ಪಡಸಾಲೆಯಲ್ಲಿ ಕೂತು ವ್ಯಾಖ್ಯಾನಕ್ಕೆ ತೊಡಗಿದೆ. ಕೊಟ್ರವ್ವ ಎದುರಿಗೆ ಕೂತು ಅಕ್ಕಿ ಆರಿಸುತ್ತಿದ್ದಳು.

“ನೋಡು, ಎಲ್ಲ ಕುದುರೆಗಳನ್ನೂ ಒಟ್ಟಿಗೆ ನಿಲ್ಲಿಸಿ ಬಹುಮಾನ ಕೊಡೋದಿಲ್ಲ. ನಾಲ್ಕು ವರ್ಗ ಅದಾವೆ. ಒಂದನೇದು ಅಂಗಸೌಷ್ಠವ ವರ್ಗ. ಅಂದ್ರೆ ಅಲಂಕಾರ.”

“ಅಂಗ ಅಂದ್ರೆ ಮೈ ಅಲ್ಲೇನ್ರಿ?”

“ಮೈ ಮೇಲೆ ಮಾಡೋ ಅಲಂಕಾರ ಅಂತ ಅರ್ಥ. ನಿಂಗೆ ತಿಳಿಯಾಂಗಿಲ್ಲ, ಸುಮ್ನಿರು. ಎರಡನೇದು ಗಾಡಿ ವರ್ಗ. ನಮ್ಮತ್ರ ಗಾಡಿ ಇಲ್ಲ, ಅದು ಬ್ಯಾಡ. ಮೂರನೇದು ಸವಾರಿ ವರ್ಗ. ಇದು ಕುದುರೆ ಹೆಂಗೆ ಹೊತ್ಕಂಡು ಹೋಗುತ್ತೆ ಅಂತ ನೋಡೋದು. ಮೇಲೆ ಯಾರು ಕೂತಾರೆ ಅನ್ನೋದು ಲೆಕ್ಕಕ್ಕಿಲ್ಲ.”

“ನಾಲ್ಕನೇದು?”

“ಸಾಧು ವರ್ಗ. ಮನೆಮಂದಿಯೆಲ್ಲ ಬಳಸಬಹುದಾದ ಸೌಮ್ಯ ಕುದುರೆ ಅಂತೆ. ಥೂ! ಅದು ಮುದಿ ಕುದುರೆಗಳಿಗೆ ಮಾಡಿರೋದು. ವೀರಾಶ್ವವನ್ನ ಅಲ್ಲಿ ನಿಲ್ಲಿಸ್ತಾರೇನು?”

ಕೊಟ್ರವ್ವ ಕೊಟ್ಟಿಗೆಯ ಕಡೆ ನೋಡಿದಳು. ವೀರಾಶ್ವವು ನಿಂತಲ್ಲೇ ತೂಕಡಿಸುತ್ತಿತ್ತು, ಅದರ ಬೆನ್ನ ಮೇಲೆ ಪಕ್ಕದ ಮನೆ ಖತೀಜಾಬೀಯ ಕೋಳಿ ಕೂತಿತ್ತು. ಅವಳು ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು.

ಪ್ರದರ್ಶನದ ಹಿಂದಿನ ದಿನ ನಾನು ಮಂಡಿಗೆ ರಜೆ ಹಾಕಿ ಅಲಂಕಾರಕ್ಕೆ ಕೂತೆ. ನಮ್ಮ ಕಡೆ ಕಾರಹುಣ್ಣಿಮೆಗೆ ಎತ್ತುಗಳನ್ನು ಹೇಗೆ ಸಿಂಗರಿಸುತ್ತಾರೋ ಹಾಗೆಯೇ, ಒಂದು ಕೂದಲೂ ಬಿಡದಂತೆ! ಮೈಗೆಲ್ಲ ಅರಿಶಿನ ಬಳಿದೆ. ಅದರ ಮೇಲೆ ಕೆಮ್ಮಣ್ಣಿನಲ್ಲಿ ಅಂಗೈ ಅದ್ದಿ ಅಚ್ಚು ಒತ್ತಿದೆ. ಕುತ್ತಿಗೆಗೆ ಗೆಜ್ಜೆಸರ, ಹಣೆಗೆ ಗೊಂಡೆ, ಬೆನ್ನಿಗೆ ಕೊಟ್ರವ್ವನ ಹಳೆಯ ಸೀರೆಯ ಜೂಲು (ಅವಳಿಗೆ ಹೇಳಿರಲಿಲ್ಲ). ಕೊಂಬಿಗೆ ಬಣ್ಣ ಹಚ್ಚುವ ಆಸೆಯೂ ಇತ್ತು, ಏನು ಮಾಡುವುದು, ಕೊಂಬಿರಲಿಲ್ಲ. ಇಷ್ಟಕ್ಕೂ ಚೆಲುವಿ ಮಿಸುಕಲಿಲ್ಲ. ಅರಿಶಿನದ ಬಟ್ಟಲನ್ನು ಒಮ್ಮೆ ನೆಕ್ಕಿ ಸೀನಿದಳು, ಅಷ್ಟೇ.

ಮರುದಿನ ನಸುಕಿಗೇ ಹೊರಟೆ. ಕೊಟ್ರವ್ವ ರೈಲಿನಲ್ಲಿ ಆರಾಮಾಗಿ ಹರಿಹರಕ್ಕೆ ಬಂದಳು. ನಾನು ಕುದುರೆಯ ಹಗ್ಗ ಹಿಡಿದು ನಡೆದೇ ಬಂದೆ. ಹತ್ತಿ ಕೂತರೆ ಬಣ್ಣ ಅಳಿಸಿಹೋಗುತ್ತದಲ್ಲ! ಕುದುರೆ ಇದ್ದೂ ದಾವಣಗೆರೆಯಿಂದ ಹರಿಹರದವರೆಗೆ ಕಾಲ್ನಡಿಗೆಯಲ್ಲಿ ಬಂದ ಮಹಾನುಭಾವ ನಾನೊಬ್ಬನೇ ಇರಬೇಕು.

ಪ್ರದರ್ಶನದ ಮೈದಾನ ಹೊಳೆಯ ಹತ್ತಿರವಿತ್ತು. ಗುತ್ತೆಪ್ಪ ಆಗಲೇ ಬಂದು ಬೇಲಿಯ ಪಕ್ಕ ನಿಂತಿದ್ದ. ಅವನ ಹೆಗಲ ಮೇಲೆ ಹೊಸ ಹಗ್ಗ. ಅದನ್ನು ನೋಡಿದ್ದೇ ನನ್ನ ಹಟ ಇಮ್ಮಡಿಯಾಯಿತು. ನಮ್ಮ ಮಂಡಿಯ ಸಾಹುಕಾರರಾದ ಮಲ್ಲೇಶಪ್ಪನವರೂ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಇವತ್ತಾದರೂ ನನ್ನನ್ನು ನೋಡುತ್ತಾರೆ ಎಂದುಕೊಂಡು ರುಮಾಲು ಸರಿಮಾಡಿಕೊಂಡೆ.

ತೀರ್ಪುಗಾರರು ಮೈಸೂರು ಕಡೆಯ ನಿವೃತ್ತ ರಿಸಾಲ್ದಾರರು, ಕುದುರೆ ಪಡೆಯಲ್ಲಿದ್ದವರು. ಗರುಡಗಂಬದಂಥ ಆಳು, ಬಿಳಿ ಮೀಸೆ. ಒಂದನೆಯ ವರ್ಗಕ್ಕೆ ಕುದುರೆಗಳು ಸಾಲಾಗಿ ನಿಂತವು. ಬೇರೆಯವೆಲ್ಲ ಬರಿಮೈಯಲ್ಲಿದ್ದವು. ಪಾಪ, ಬಡವರ ಕುದುರೆಗಳು ಎಂದುಕೊಂಡೆ. ರಿಸಾಲ್ದಾರರು ಒಂದೊಂದರ ಕಾಲು ಎತ್ತಿ, ಬೆನ್ನು ಸವರಿ, ಎದೆ ಅಳೆದು ಬರುತ್ತ ನಮ್ಮ ಮುಂದೆ ಗಕ್ಕನೆ ನಿಂತರು.

“ಇದರೊಳಗೆ ಕುದುರೆ ಎಲ್ಲಿದೆ ಸ್ವಾಮಿ?”

ನಾನು ಉತ್ತರ ಕೊಡುವ ಮೊದಲೇ ಒಬ್ಬ ಅಜ್ಜಿ ಬೇಲಿ ನುಸುಳಿ ಓಡಿಬಂದಳು. ಅರಿಶಿನ ಮೆತ್ತಿದ ಕುದುರೆ ಕಂಡರೆ ನಮ್ಮ ಸೀಮೆಯ ಹೆಂಗಸರು ಬಿಡುತ್ತಾರೆಯೇ? “ನಮ್ಮಪ್ಪ ಮೈಲಾರಲಿಂಗನ ಕುದ್ರೆ ಬಂದೈತೆ ಕಣ್ರವ್ವಾ!” ಎಂದು ಕೂಗಿ ಚೆಲುವಿಯ ಕಾಲಿಗೆ ಬಿದ್ದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಒಂದು ಗುಂಪು. ಯಾರೋ ಭಂಡಾರ ಎರಚಿದರು, ಅದು ರಿಸಾಲ್ದಾರರ ಮೀಸೆಯನ್ನು ಹಳದಿ ಮಾಡಿತು. ಒಬ್ಬಳು ತನ್ನ ಹಸುಗೂಸನ್ನು ಚೆಲುವಿಯ ಬೆನ್ನ ಮೇಲೆ ಕೂರಿಸಿಯೇಬಿಟ್ಟಳು. ಜನರನ್ನು ಚದುರಿಸಲು ಸ್ವಯಂಸೇವಕರಿಗೆ ಸಾಕುಸಾಕಾಯಿತು.

“ಇದು ಮೈಕಟ್ಟು ನೋಡುವ ವರ್ಗ. ಮೂಳೆ, ಕಾಲು, ಬೆನ್ನು ಕಾಣಬೇಕು. ಹೊಳೆಗೆ ಹೋಗಿ ತೊಳಕೊಂಡು ಬನ್ನಿ” ಎಂದರು ರಿಸಾಲ್ದಾರರು, ಮೀಸೆ ಒರೆಸಿಕೊಳ್ಳುತ್ತ.

“ಸಾಹೇಬರೇ, ಸುಳಿಯನ್ನಾದರೂ ನೋಡ್ರಿ. ಕುತ್ತಿಗೆ ಕೆಳಗೆ ರಾಜಯೋಗದ ಸುಳಿ ಐತೆ” ಎಂದೆ.

“ಕೂದಲ ಸುಳಿಗೆ ಇಲ್ಲಿ ನಂಬರಿಲ್ಲ” ಎಂದರು. ನಮ್ಮ ಕಡೆ ಸುಳಿ ನೋಡದೆ ಕರುವನ್ನೂ ಕೊಳ್ಳುವುದಿಲ್ಲ, ಇವರೆಂಥ ತೀರ್ಪುಗಾರರು! ಬೇಲಿಯ ಆಚೆಯಿಂದ ಕೊಟ್ರವ್ವ, “ಅಂಗ ಅಂದ್ರೆ ಮೈ ಅಂತ ನಾನ್ ಹೇಳ್ಲಿಲ್ಲೇನ್ರಿ? ಅಯ್ಯೋ, ಅದು ನನ್ ಸೀರೆ!” ಎಂದು ಕೂಗಿದಳು. ನಾನು ಸರಸರನೆ ಹೊಳೆಯ ಕಡೆ ನಡೆದೆ.

ತುಂಗಭದ್ರೆಯಲ್ಲಿ ಎಷ್ಟು ತಿಕ್ಕಿದರೂ ಅರಿಶಿನ ಪೂರ್ತಿ ಹೋಗಲಿಲ್ಲ. ಮೂರನೆಯ ವರ್ಗದ ಹೊತ್ತಿಗೆ ಚೆಲುವಿ ಪಟ್ಟೆಪಟ್ಟೆಯಾಗಿ ಹುಲಿವೇಷ ಹಾಕಿದವಳಂತೆ ಕಾಣುತ್ತಿದ್ದಳು. ಇರಲಿ, ಸವಾರಿಯಲ್ಲಿ ಗೆದ್ದೇ ಗೆಲ್ಲುತ್ತೇನೆ ಎಂದು ಕಚ್ಚೆ ಬಿಗಿದು ಹತ್ತಿದೆ. ನಿಜ ಹೇಳುತ್ತೇನೆ, ಅಷ್ಟು ದಿನ ನಾನು ಚೆಲುವಿಯ ಮೇಲೆ ಮನೆಯಿಂದ ಮಂಡಿಗೆ, ಮಂಡಿಯಿಂದ ಮನೆಗೆ ಮಾತ್ರ ಹೋಗಿದ್ದೆ. ಅಲ್ಲಿ ಅವಳಿಗೆ ದಾರಿ ಗೊತ್ತಿತ್ತು, ನಾನು ಸುಮ್ಮನೆ ಕೂತರೆ ಸಾಕಿತ್ತು. ಇಲ್ಲಿ ದುಂಡಗೆ ಸುತ್ತಬೇಕಂತೆ, ನಡೆಯಬೇಕಂತೆ, ಓಡಬೇಕಂತೆ.

“ನಡಿಗೆ!” ಎಂದರು ರಿಸಾಲ್ದಾರರು. ನಾನು ಎತ್ತಿಗೆ ಹೇಳುವ ಹಾಗೆ ನಾಲಗೆಯಲ್ಲಿ ಲೊಚಗುಟ್ಟಿದೆ. ಚೆಲುವಿ ನಡೆದಳು. ಸರಿಯಾಗಿಯೇ ಇತ್ತು. “ಓಟ!” ಎಂದರು. ಅವಳು ಮೆಲ್ಲಗೆ ಓಡಿದಳು. ನನ್ನ ರುಮಾಲು ಬಿಚ್ಚಿ ಕಣ್ಣಿಗೆ ಸುತ್ತಿಕೊಂಡಿತು. ಒಂದು ಕಾಲು ಜೀನಿನ ಪಾದಬಳೆ ರಿಕಾಪಿನಿಂದ ಕಳಚಿತು. ನಾನು ಎಡಕ್ಕೆ ಜಾರತೊಡಗಿದೆ. ಲಗಾಮನ್ನು ಎತ್ತಿನ ಮೂಗುದಾರದಂತೆ ಜಗ್ಗಿದೆ, ಜುಟ್ಟು ಹಿಡಿದೆ, ಕಿವಿ ಹಿಡಿದೆ, ಕೊನೆಗೆ ಕುತ್ತಿಗೆಯನ್ನೇ ತಬ್ಬಿಕೊಂಡು ಅದರ ಕೆಳಗೆ ಜೋತುಬಿದ್ದೆ. ಬೇರೆ ಕುದುರೆಯಾಗಿದ್ದರೆ ಒದ್ದು ಹೊಳೆಯ ಆಚೆ ಎಸೆಯುತ್ತಿತ್ತು. ಚೆಲುವಿ ನಿಂತಳು. ನಾನು ಮೇಲೆ ಹತ್ತುವವರೆಗೆ ಕಾದಳು. ಹತ್ತಿದ ಮೇಲೆ ಮತ್ತೆ ಹೊರಟಳು. ನಾನು ಬಲಕ್ಕೆ ಜಾರಿದೆ. ಅವಳು ಮತ್ತೆ ನಿಂತಳು. ಮೈದಾನದಲ್ಲಿ ನಗು ಮುಗಿಲು ಮುಟ್ಟಿತು. ಸಾಹುಕಾರರು ನನ್ನನ್ನು ನೋಡುತ್ತಿದ್ದರು, ಆ ಸಂತೋಷವನ್ನು ಹೇಗೆ ಹೇಳಲಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ ನೋಡುತ್ತಿದ್ದರು.

ಇಳಿದ ಮೇಲೆ ರಿಸಾಲ್ದಾರರು ಮೆತ್ತಗೆ ಹೇಳಿದರು, “ಈ ವರ್ಗದಲ್ಲಿ ನಂಬರು ಕೊಡೋದು ಸವಾರನಿಗೆ. ಕುದುರೆಗಲ್ಲ.”

“ಅಂದ್ರೆ ನನಗೆ?”

“ಸೊನ್ನೆ.”

ಗುತ್ತೆಪ್ಪ ಬೇಲಿ ದಾಟಿ ಬಂದು ಹಗ್ಗ ಬಿಚ್ಚತೊಡಗಿದ. “ಭಾವ, ಹೊತ್ತಾತು. ಭಟ್ಟಿತಾವ ಆಳು ಕಾಯ್ತಾವ್ರೆ.” ಚೆಲುವಿ ಹಿಂದಿನಿಂದ ಬಂದು ನನ್ನ ಜೇಬಿಗೆ ಮೂತಿ ಹಾಕಿದಳು. ಜೇಬಿನಲ್ಲಿ ಕಡಲೆ ಇರಲಿಲ್ಲ. ಆದರೂ ಮೂತಿ ತೆಗೆಯಲಿಲ್ಲ. ಮಾನ ಹೋಗಿತ್ತು ನಿಜ, ಕುದುರೆ ಇನ್ನೂ ಹೋಗಿರಲಿಲ್ಲ. ಬಿಡುವುದಿಲ್ಲ ಎಂದುಕೊಂಡು ಓಡಿದೆ, ಸಮಿತಿಯವರ ಮೇಜಿನ ಮುಂದೆ ಏದುಸಿರು ಬಿಡುತ್ತ ನಿಂತೆ.

“ನಾಲ್ಕನೇದಕ್ಕೂ ಬರ್ಕಳ್ರಿ! ಸಾಧು ವರ್ಗ! ನಮ್ಮ ಚೆಲುವಿ!”

“ಮುದಿ ಕುದ್ರೆಗಳದ್ದು ಅಂದಿದ್ರಲ್ಲ?” ಎಂದಳು ಹಿಂದೆಯೇ ಬಂದಿದ್ದ ಕೊಟ್ರವ್ವ.

“ಈಗ ಸುಮ್ನಿರೇ, ಕೈ ಮುಗೀತೀನಿ!” ಎಂದೆ.

ಅಲ್ಲಿ ಕುದುರೆಗಳ ಕಿವಿಯ ಹತ್ತಿರ ಹಲಗೆ ಬಾರಿಸಿದರು. ಒಂದು ಕುದುರೆ ಬೇಲಿ ಹಾರಿ ಮಿಠಾಯಿ ಅಂಗಡಿಗೆ ನುಗ್ಗಿತು. ಮುಖದ ಮುಂದೆ ಫಟ್ಟನೆ ಕೊಡೆ ಬಿಚ್ಚಿದರು. ಇನ್ನೊಂದು ತನ್ನ ಯಜಮಾನನನ್ನೇ ಕಚ್ಚಿತು. ಚೆಲುವಿ ಹಲಗೆ ಕೇಳುತ್ತ ಕಣ್ಣು ಮುಚ್ಚಿದಳು. ಕೊಡೆ ಬಿಚ್ಚಿದಾಗ ಅದರ ನೆರಳಿಗೆ ಸರಿದು ನಿಂತಳು.

ಸ್ವಲ್ಪ ಹೊತ್ತಿನಲ್ಲಿ ರಿಸಾಲ್ದಾರರು ಧ್ವನಿವರ್ಧಕ ಹಿಡಿದರು.

“ಸಾಧು ವರ್ಗದ ಮೊದಲ ಬಹುಮಾನ, ದಾವಣಗೆರೆಯ ಚೆಲುವಿಗೆ! ಹಲಗೆ, ಕೊಡೆ ಎಲ್ಲ ಸಣ್ಣ ಪರೀಕ್ಷೆ. ಇದರ ನಿಜವಾದ ಪರೀಕ್ಷೆ ಮೂರನೆಯ ವರ್ಗದಲ್ಲೇ ಆಗಿಹೋಯಿತು. ಇಷ್ಟು ವರ್ಷದ ನನ್ನ ನೌಕರಿಯಲ್ಲಿ ಇಂಥ ಸವಾರನನ್ನೂ ಕಂಡಿಲ್ಲ, ಇಂಥವನನ್ನು ಹೊತ್ತು ತಾಳ್ಮೆ ಕಳೆದುಕೊಳ್ಳದ ಕುದುರೆಯನ್ನೂ ಕಂಡಿಲ್ಲ!”

ಹರಿಹರವೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಏನು ಮಾಡಲಿ? ಗುತ್ತೆಪ್ಪ ಹಗ್ಗ ಸುತ್ತಿಕೊಂಡು ಬರಿಗೈಯಲ್ಲಿ ಹೊರಟ. ಕೊಟ್ರವ್ವ ಬಹುಮಾನದ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ, “ನಿಮ್ಮನ್ನ ತಡ್ಕಂಡಿದ್ದಕ್ಕೆ ಕಪ್ಪು ಕೊಡ್ತಾರೆ ಅಂತ ಗೊತ್ತಿದ್ರೆ ನಾನೂ ಹೆಸ್ರು ಬರೆಸ್ತಿದ್ದೆ” ಎಂದಳು. ಆದರೆ ಮಾತಿಗೆ ತಪ್ಪಲಿಲ್ಲ. ಚೆಲುವಿಯ ಕುತ್ತಿಗೆ ತಟ್ಟಿ, “ಬಾರವ್ವ, ನಾನೂ ನೀನೂ ಒಂದೇ ಕಷ್ಟದೋರು” ಎಂದಳು. ಗೆದ್ದೆನಲ್ಲ ಎಂದು ನಾನು ಬೀಗಿದೆ.

ಆಗ ಬಂದರು ಮಲ್ಲೇಶಪ್ಪನವರು.

“ಉಚ್ಚೆಂಗಪ್ಪ, ಮುಂದಿನ ವಾರ ನಮ್ ಹುಡುಗನ ಮದ್ವಿ. ಮೆರವಣಿಗೆಗೆ ಕುದ್ರಿ ಬೇಕು. ಅವ್ನು ಹುಟ್ಟಿದಾಗಿಂದ ಕತ್ತೆ ಮೇಲೂ ಕೂತೋನಲ್ಲ. ನಿಮ್ ಕುದ್ರಿ ಕೊಡ್ರಿ.”

“ಅದು ನನ್ನ ಸವಾರಿ ಕುದುರೆ, ಸಾಹುಕಾರ್ರೆ...” ಎಂದು ನಾನು ಶುರುಮಾಡಿದೆ.

“ಕೊಡ್ತೀವ್ರಿ” ಎಂದಳು ಕೊಟ್ರವ್ವ.

ಅಲ್ಲಿಗೆ ನನ್ನ ಅಶ್ವಾರೋಹಣ ಮುಗಿಯಿತು. ಸಾಹುಕಾರರ ಮನೆಯ ಮದುವೆ ಆದದ್ದೇ ಆದದ್ದು, ಕುದುರೆ ಏರಲು ಹೆದರುವ ದಾವಣಗೆರೆಯ ವರಗಳೆಲ್ಲ ನಮ್ಮ ಮನೆಯ ದಾರಿ ಹಿಡಿದರು. ಬಂದ ವೀಳ್ಯದ ದುಡ್ಡೆಲ್ಲ ಕೊಟ್ರವ್ವನ ಗಂಟಿಗೆ. ಲಗ್ನದ ತಿಂಗಳು ಮುಗಿಯುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಎಮ್ಮೆಯೂ ಬಂದು ನಿಂತಿತು. ನಾನು ಎಮ್ಮೆ ಮಾತು ಎತ್ತಕೂಡದು ಎಂದಿದ್ದೆ, ಅವಳು ಎತ್ತಲಿಲ್ಲ, ಸುಮ್ಮನೆ ಹೊಡೆದುಕೊಂಡು ಬಂದಳು. ನಾನು ಈಗ ಮಂಡಿಗೆ ನಡೆದು ಹೋಗುತ್ತೇನೆ. ಮದುವೆಯ ದಿನ ರಜೆ ಹಾಕಿ, ವರನ ಮುಂದೆ ಕುದುರೆಯ ಹಗ್ಗ ಹಿಡಿದು ನಡೆಯುತ್ತೇನೆ. ಬೇರೆ ಯಾರು ಹಿಡಿದರೂ ಚೆಲುವಿ ಹೆಜ್ಜೆ ಕಿತ್ತಿಡುವುದಿಲ್ಲ, ಅದೊಂದು ಸಮಾಧಾನ.

ಮೊನ್ನೆಯೂ ಒಂದು ಮದುವೆ. ವರನ ತಾಯಿ ಉಡಚಮ್ಮನವರಿಗೆ ಒಬ್ಬನೇ ಮಗ. ವಾಲಗ ಶುರುವಾದರೂ ಅವರು ಅವನನ್ನು ಹತ್ತಗೊಡುತ್ತಿಲ್ಲ. “ಏನೋ ತಾಯಿ, ನನ್ ಕೂಸಿಗೆ ಹೆಚ್ಚುಕಮ್ಮಿ ಆದ್ರೆ ಏನ್ ಗತಿ? ಈ ಕುದ್ರೆ ಯಾರನ್ನೂ ಕೆಡವಲ್ಲ ಅಂತ ಹೆಂಗೆ ನಂಬೋದು?” ಎಂದು ಕೊಟ್ರವ್ವನ ಕೈ ಹಿಡಿದುಕೊಂಡರು.

“ಅಯ್ಯೋ, ನೀವೊಬ್ರು! ಧೈರ್ಯಾಗಿ ಹತ್ತಿಸ್ರಿ ಅಕ್ಕಾರೇ” ಎಂದು ಕೊಟ್ರವ್ವ ನನ್ನ ಕಡೆ ಬೆರಳು ಮಾಡಿ ತೋರಿಸಿದಳು. “ಅಲ್ಲಿ ಹಗ್ಗ ಹಿಡ್ಕಂಡು ನಿಂತಾರಲ್ಲ, ಅವರನ್ನೇ ಕೆಡವಿಲ್ಲ.”

ಉಡಚಮ್ಮನವರು ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. ಅಷ್ಟೇ, ಮಗನನ್ನು ಕೂಡಲೇ ಹತ್ತಿಸಿದರು.