ವಿಮಲಳ ಗ್ಲೋಬು, ನನ್ನ ಮೊಸರಿನ ಡಬ್ಬಿ

ಎಂಬತ್ತರ ದಶಕದ ಆರಂಭದ ಮಾತು. ಮಂಡ್ಯದ ಕಡೆಯ ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಜೀವ ನಾನು. ಬಿ.ಎ. ಮಾಡಿ, ಈ ಡಾಲರ್ ದೇಶಕ್ಕೆ ಬಂದು ಮತ್ತೆ ಪರೀಕ್ಷೆ ಕಟ್ಟಿ, ಮಾರ್ಗನ್ ಹಿಲ್‌ನಲ್ಲಿ ಎರಡನೇ ತರಗತಿಗೆ ಟೀಚರಾದವಳು. ಅಂಥವಳಿಗೆ ಟ್ಯಾಕ್ಸೆಂಬ ಜುಜುಬಿ ವಿಷಯ ತಿಳಿಯದೇ?

ಡ್ಯಾನ್‌ವಿಲ್‌ನಲ್ಲಿ ಟೀಚರಾಗಿರುವ ಗೆಳತಿ ವಿಮಲಾ ಒಂದು ದಿನ ತನ್ನ ಕ್ಲಾಸು ತೋರಿಸಿದಳು. ಒಳಗೆ ದೀಪ ಹತ್ತುವ ಗ್ಲೋಬು! ಬಣ್ಣಬಣ್ಣದ ಹೊಸ ಡಬ್ಬಿಗಳು!

"ಎಲ್ಲ ಸ್ಕೂಲಿನವರು ಕೊಟ್ಟಿದ್ದಾ?"

"ಇಲ್ಲ ಕಣೆ, ನನ್ನ ದುಡ್ಡು. ಟ್ಯಾಕ್ಸ್ ಕಟ್ಟೋವಾಗ ಈ ಖರ್ಚನ್ನ ಆದಾಯದಿಂದ ಕಳೀತೀನಲ್ಲ! ನೀನು ಕಳಿಯೋಲ್ವಾ?"

"ಏನು ಕಳೀಲೇ? ನನ್ನ ಕ್ಲಾಸಲ್ಲಿ ಕ್ರೆಯಾನು ಇಡೋಕೆ ಮನೇಲಿ ಖಾಲಿಯಾದ ಮೊಸರಿನ ಡಬ್ಬಿ, ಕಿಟಕಿಗೆ ಹಳೇ ಸೀರೆ."

ಹಾಗಾದರೆ ಸರ್ಕಾರದ ಕಣ್ಣಿಗೆ ಟೀಚರೆಂದರೆ ಅವಳು. ನಾನು ಯಾರೂ ಅಲ್ಲ! ಮನೆಗೆ ವಾಪಸಾಗುವಾಗ ಫ್ರೀವೇ ಉದ್ದಕ್ಕೂ ಹೊಟ್ಟೆ ಉರಿಯಿತು.

ಸೋಮವಾರವೇ ಮೊಸರಿನ ಡಬ್ಬಿಗಳನ್ನೆಲ್ಲ ಕಸಕ್ಕೆ ಎಸೆದೆ. ಹೊಸ ಡಬ್ಬಿ ತಂದೆ. ವಿಮಲಳದ್ದಕ್ಕಿಂತ ದೊಡ್ಡ ಗ್ಲೋಬು ತಂದೆ. ಅದನ್ನಿಟ್ಟ ಮೇಲೆ ಮೇಜಿನ ಹಿಂದೆ ಕೂತ ನಾನೇ ಮಕ್ಕಳಿಗೆ ಕಾಣಿಸಲಿಲ್ಲ. ನಿಂತೇ ಪಾಠ ಮಾಡಿದೆ!

ಟ್ಯಾಕ್ಸಿನ ಕಾಲ ಬಂತು. ಬಿಲ್ಲುಗಳನ್ನು ತಾಂಬೂಲದಂತೆ ತಟ್ಟೆಯಲ್ಲಿಟ್ಟು ಯಜಮಾನರ ಮುಂದೆ ಹಿಡಿದೆ.

"ಕಳೀರಿ!"

"ಏನು ಕಳಿಯೋದೇ? ವಿಮಲಾ ಅವರದ್ದು ಸ್ವಂತ ಮನೆ. ಮನೆ ಸಾಲದ ಬಡ್ಡಿನೇ ರಾಶಿ ಇದೆ, ಅದರ ಜೊತೆಗೆ ಗ್ಲೋಬನ್ನೂ ಬರೀತಾರೆ. ನಮ್ಮದು ಬಾಡಿಗೆ ಅಪಾರ್ಟ್‌ಮೆಂಟು. ಸರ್ಕಾರ ಎಲ್ಲರಿಗೂ ಬಿಡೋ ವಿನಾಯಿತಿ, ಇಲ್ಲಾಂದ್ರೆ ಬಿಲ್ಲಿನ ಖರ್ಚು, ಎರಡರಲ್ಲಿ ಒಂದನ್ನೇ ಕಳೀಬೇಕು. ನಮಗೆ ಆ ವಿನಾಯಿತಿನೇ ಖರ್ಚಿಗಿಂತ ಜಾಸ್ತಿ. ನಿನ್ನ ಬಿಲ್ಲಿಂದ ನಯಾಪೈಸೆ ಉಪಯೋಗ ಇಲ್ಲ."

"ಹಾಗಾದ್ರೆ ನಾವೂ ಸಾಲ ಮಾಡೋಣ ರೀ!"

"ಒಂದು ಗ್ಲೋಬಿಗೋಸ್ಕರ ಮನೆ ತಗೋಬೇಕಾ?"

ಪಕ್ಕದವರ ಚಿನ್ನ ಕಂಡು ಕರುಬುವವರನ್ನು ನೋಡಿದ್ದೇನೆ. ಇನ್ನೊಬ್ಬರ ಸಾಲ ಕಂಡು ಕರುಬಿದವಳು ನಾನೊಬ್ಬಳೇ!

ಅಷ್ಟರಲ್ಲಿ ವಿಮಲಳ ಫೋನು.

"ನಿನ್ನ ಮೊಸರಿನ ಡಬ್ಬಿ ವಿಷಯ ನಮ್ಮ ಪ್ರಿನ್ಸಿಪಾಲ್‌ಗೆ ಹೇಳಿ ಕೆಟ್ಟೆ ಕಣೆ! 'ಎಂಥ ಟೀಚರು! ನಿನಗ್ಯಾಕೆ ಇದು ಹೊಳೀಲಿಲ್ಲ?' ಅಂದ್ರು. ನನಗಂತೂ ಹೊಟ್ಟೆ ಉರಿದುಹೋಯ್ತು. ಮುಂದಿನ ವಾರ ನಿನ್ನ ಕ್ಲಾಸು ನೋಡೋಕೆ ಬರ್ತಾರಂತೆ!"

ಜೀವಮಾನದಲ್ಲಿ ಮೊದಲ ಸಲ ವಿಮಲಾ ನನ್ನನ್ನು ಕಂಡು ಕರುಬಿದ್ದಳು. ಆದರೆ ತೋರಿಸಲು ಒಂದು ಮೊಸರಿನ ಡಬ್ಬಿಯೂ ಉಳಿದಿರಲಿಲ್ಲ!

ಗ್ರೋಸರಿ ಅಂಗಡಿಗೆ ಓಡಿ ಡಬ್ಬಿಗಟ್ಟಲೆ ಮೊಸರು ತಂದೆ. ಆ ವಾರವೆಲ್ಲ ಮನೆಯಲ್ಲಿ ಮೂರು ಹೊತ್ತೂ ಮೊಸರನ್ನ. ಯಜಮಾನರು ತಟ್ಟೆ ನೋಡಿ ಮೆಲ್ಲಗೆ ಕೇಳಿದರು: "ಇದನ್ನ ಟ್ಯಾಕ್ಸಲ್ಲಿ ಕಳೀಬಹುದಾ?"

ಬಿ.ಎ. ಪಾಸಾದ ನಾನು ತಲೆ ತಗ್ಗಿಸಿ ಇನ್ನೊಂದು ಸೌಟು ಬಡಿಸಿದೆ.